ಅಂಗುಳಿನ ಗಂಟು, ಕೆರೆದ ಅಚ್ಚು: ಡಾ. ಖುರ್ಷೀದಾ ಅವರಿಗೆ ಲ್ಯಾಬಿನ ನಮಸ್ಕಾರ

ಕಂಟೋನ್ಮೆಂಟಿನ ಪೂರ್ವಕ್ಕೆ, ಹಲಸೂರಿನಿಂದ ಕೆ.ಆರ್. ಪುರದವರೆಗೆ, ಬಾಯೊಳಗಿನ ಮೂಳೆಗಂಟಿನ ಶಸ್ತ್ರಚಿಕಿತ್ಸೆ ಎಂದರೆ ಮೂವತ್ತೊಂದು ವರ್ಷಗಳಿಂದ ಜನರ ಬಾಯಲ್ಲಿರುವುದು ಒಂದೇ ಹೆಸರು: ಡಾ. ಖುರ್ಷೀದಾ. ಲಿಂಗರಾಜಪುರದ ಟ್ರಸ್ಟ್ ಆಸ್ಪತ್ರೆಯ ಒಂದೇ ಒಂದು ಮುರುಕು ಕುರ್ಚಿಯಿಂದ ಸೇವೆ ಆರಂಭಿಸಿ, ಇಂದು ಒಂದು ತುಂಬು ವಿಭಾಗವನ್ನೇ ಬಿಟ್ಟು ನಿವೃತ್ತರಾಗುತ್ತಿರುವ ಅವರ ಕುರಿತು ಈ ಅಭಿನಂದನಾ ಸಂಪುಟದಲ್ಲಿ ದೊಡ್ಡ ದೊಡ್ಡ ಪದವಿಯವರು ಬರೆದಿದ್ದಾರೆ, ಬರೆಯಲಿ. ಕೆಳಮಹಡಿಯ ಹಲ್ಲುಸೆಟ್ಟಿನ ಲ್ಯಾಬಿನದೂ ಒಂದು ಮಾತು ಇರಬೇಕಲ್ಲ.

ಅಂಗುಳಿನ ನಡುವೆಯೋ, ನಾಲಗೆಯ ಪಕ್ಕದ ದವಡೆಯಲ್ಲೋ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಈ ಗಂಟು ಕ್ಯಾನ್ಸರ್ ಅಲ್ಲ, ಬರೀ ಮೂಳೆ. ಅದನ್ನೇ ತೋರಿಸಿ ಹೆದರಿಸುವವರು ಬೀದಿಗೊಬ್ಬರಿರುವಾಗ, "ತೊಂದರೆ ಕೊಡ್ತಿಲ್ಲ ಅಂದ್ರೆ ಅದರ ಪಾಡಿಗೆ ಇರ್ಲಿ ಬಿಡಮ್ಮ" ಎಂದು ಹತ್ತರಲ್ಲಿ ಒಂಬತ್ತು ಮಂದಿಯನ್ನು ಮನೆಗೆ ಕಳಿಸಿದವರು ಅವರು. ಕೈಯಲ್ಲಿ ಉಳಿ ಇದ್ದೂ ಎತ್ತದಿರಲು ಎಂಥ ಎದೆ ಬೇಕು!

ಎತ್ತಲೇಬೇಕಾದ ಒಂದು ಸಲದ ಕಥೆ ಸೂರ್ಯನದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಸೂರ್ಯ ಲ್ಯಾಬಿಗೆ ಸೇರಿ ಆಗ ನಾಲ್ಕು ವರ್ಷ. ಬಾಯಿಯ ಅಳತೆ ತೆಗೆಯುವಾಗ ಗಾಳಿ ಸಿಕ್ಕಿಕೊಂಡರೆ ಪ್ಲಾಸ್ಟರ್ ಅಚ್ಚಿನ ಮೇಲೆ ಗುಳ್ಳೆ ಏಳುತ್ತದೆ. ಅದನ್ನು ಚಾಕುವಿನಲ್ಲಿ ಕೆರೆದು ಸಮ ಮಾಡುವುದು ಲ್ಯಾಬಿನವರ ಕೈಗೆ ಕೂತ ಅಭ್ಯಾಸ. ಹೊಸ ತಿಪ್ಪಸಂದ್ರದಲ್ಲಿ ಸೊಪ್ಪು ಮಾರುವ ಮುನಿವೆಂಕಟಮ್ಮನ ಅಚ್ಚು ಬಂದಾಗ ಅಂಗುಳಿನ ನಡುವೆ ನೆಲ್ಲಿಕಾಯಿ ಗಾತ್ರದ ಉಬ್ಬು. ಜೊತೆಗಿದ್ದ ಚೀಟಿಯಲ್ಲಿ ಅದರ ಬಗ್ಗೆ ಒಂದಕ್ಷರ ಇರಲಿಲ್ಲ.

"ಯಾವನ್ ಗುರು ಅಳತೆ ತೆಗ್ದೋನು, ಗುಳ್ಳೆ ಅಲ್ಲ, ಬಲೂನೇ ಊದವ್ನೆ!" ಎಂದು ಬೈದುಕೊಳ್ಳುತ್ತಲೇ ಸೂರ್ಯ ಅದನ್ನು ನುಣ್ಣಗೆ ಕೆರೆದು, ಸೆಟ್ಟು ಮಾಡಿ ಕಳಿಸಿಬಿಟ್ಟ.

ವಾರದೊಳಗೆ ಮುನಿವೆಂಕಟಮ್ಮ ವಾಪಸ್. ಸೆಟ್ಟು ತಕ್ಕಡಿಯಂತೆ ಓಲಾಡುತ್ತಿತ್ತು, ಅಂಗುಳು ಹುಣ್ಣಾಗಿತ್ತು. "ಕೊತ್ಮಿರಿ ಅಂತ ಕೂಗಿದ್ರೆ ಹಲ್ಲೇ ಹೋಗಿ ಗಿರಾಕಿ ಮೇಲೆ ಬೀಳ್ತದೆ ಸಾಮಿ" ಎಂದಳು. ಆಡಳಿತಾಧಿಕಾರಿ ಭಗವಂತರಾಯರು ನಗಲಿಲ್ಲ. ಎಲ್ಲರೆದುರು ಸೂರ್ಯನನ್ನು ನಿಲ್ಲಿಸಿ, "ಎಂಟನೇ ಕ್ಲಾಸಿನವನ ಕೈಗೆ ಜನರ ಬಾಯಿ ಕೊಟ್ರೆ ಇನ್ನೇನಾಗುತ್ತೆ? ನಾಳೆಯಿಂದ ಬರ್ಬೇಡ" ಎಂದರು. ಚೀಟಿ ಬರೆಯದವರಿಗೆ ಡಿಗ್ರಿ ಇತ್ತು. ಅವರನ್ನು ಯಾರೂ ಕೇಳಲಿಲ್ಲ. ಸೂರ್ಯ ಚಾಕುವನ್ನು ಮೇಜಿಗೆ ಕುಕ್ಕಿ ಹೊರಟೇಬಿಟ್ಟ.

ಬಾಗಿಲಲ್ಲಿ ಅಡ್ಡ ನಿಂತವರು ಡಾ. ಖುರ್ಷೀದಾ. ಮುನಿವೆಂಕಟಮ್ಮನ ಬಾಯಿ ನೋಡಿಕೊಂಡೇ ಬಂದಿದ್ದರು.

"ಅದು ಮೂಳೆ, ಸೂರ್ಯ. ಚೀಟಿಯಲ್ಲಿ ಬರೀದೆ ಇದ್ದಿದ್ದು ನಮ್ಮ ತಪ್ಪು. ಕೇಳದೆ ಕೆರೆದಿದ್ದು ನಿಂದು."

"ತಪ್ಪಾಯ್ತು ಮೇಡಂ. ಅದಕ್ಕೇ ಹೋಗ್ತಾ ಇದೀನಲ್ಲ."

"ಎಲ್ಲಿಗೆ? ಆ ಅಚ್ಚು ಬಿಸಾಕಿಲ್ಲ ತಾನೆ? ತಗೊಂಡ್ ಬಾ."

ಅಚ್ಚನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ಅವರು ಭಗವಂತರಾಯರತ್ತ ತಿರುಗಿದರು. "ಇಷ್ಟು ದೊಡ್ಡ ಗಂಟಿನ ಮೇಲೆ ಯಾರು ಮಾಡಿದ ಸೆಟ್ಟೂ ಕೂರಲ್ಲ ರೀ, ತೆಗೀಲೇಬೇಕು. ತೆಗೆದ್ಮೇಲೆ ಗಾಯ ಕಾಯೋಕೆ ಅಂಗುಳಿಗೆ ಕೂರೋ ಒಂದು ಪ್ಲೇಟ್ ಬೇಕು. ಅದನ್ನ ಯಾವಾಗ್ಲೂ ಹೀಗೆ ಗಂಟು ಕೆರೆದ ಅಚ್ಚಿನ ಮೇಲೇ ಮಾಡೋದು. ಇವನೇ ಮಾಡ್ತಾನೆ. ಕೂರ್ಲಿಲ್ಲ ಅಂದ್ರೆ ನನ್ನನ್ನ ಕೇಳಿ."

ಆ ಗುರುವಾರ, ಇಂಜೆಕ್ಷನ್ನಿನಲ್ಲಿ ಮರಗಟ್ಟಿದ ಅಂಗುಳನ್ನು ನಡುವೆ ಸೀಳಿ, ಗಂಟನ್ನು ಡ್ರಿಲ್ಲಿನಿಂದ ಹೋಳು ಮಾಡಿ, ಉಳಿಯಿಂದ ಒಂದೊಂದೇ ಎಬ್ಬಿಸಿ, ನಯಗೊಳಿಸಿ ಹೊಲಿಗೆ ಹಾಕಿದ ಮೇಲೆ ಅವರು ಸೂರ್ಯನ ಪ್ಲೇಟಿಗೆ ಕೈ ಚಾಚಿದರು. ಸೂರ್ಯ ಗಾಜಿನಾಚೆ ನಿಂತು ನೋಡುತ್ತಿದ್ದ. ಪ್ಲೇಟು ಕೂತಿತು. ಕೂದಲೆಳೆಯಷ್ಟೂ ಅಲುಗಲಿಲ್ಲ!

ಎರಡು ತಿಂಗಳಿಗೆ ಗಾಯ ಮಾಗಿ, ಹೊಸ ಅಳತೆ ತೆಗೆದು, ಸೂರ್ಯನೇ ಮಾಡಿದ ಹೊಸ ಸೆಟ್ಟು ತೊಟ್ಟ ಮುನಿವೆಂಕಟಮ್ಮ ಆಸ್ಪತ್ರೆಯ ನಡುಮನೆಯಂಥ ಹಾಲಿನಲ್ಲಿ ನಿಂತು ಕೂಗಿದಳು: "ಕೊತ್ಮಿರೀ... ಮೆಂತ್ಯಾ... ದಂಟೂ!" ಸರದಿಯಲ್ಲಿದ್ದವರೆಲ್ಲ ತಿರುಗಿದರು. ಗದ್ದಲವೇನೆಂದು ಭಗವಂತರಾಯರು ಹೊರಬಂದರು. ಆಕೆ ಹಲ್ಲು ಕಿರಿದು ತೋರಿಸಿದಳು. "ನೋಡಿ ಸಾಮಿ, ಎಂಟನೇ ಕ್ಲಾಸಿನ ಹಲ್ಲು. ಬಿತ್ತಾ?"

ಡಾ. ಖುರ್ಷೀದಾ ನಕ್ಕ ಸದ್ದು ಕೆಳಗಿನ ಲ್ಯಾಬಿಗೂ ಕೇಳಿಸಿತು.

ಅಂದಿನಿಂದ ಇಂದಿನವರೆಗೆ ಅವರ ಕೊಠಡಿಯಿಂದ ಬಂದ, ಗಂಟಿರುವ ಒಂದೊಂದು ಅಳತೆಯ ಜೊತೆಗೂ ಅವರದೇ ಕೈಬರಹದ ಚೀಟಿ: "ಮೂಳೆ ಇದೆ. ಕೆರೆಯುವ ಮೊದಲು ಕೇಳು." ಈಗ ಲ್ಯಾಬಿನ ಮುಖ್ಯಸ್ಥನಾಗಿರುವ ಸೂರ್ಯ ಹೊಸಬರಿಗೆ ಮೊದಲು ಕಲಿಸುವುದು ಆ ಚೀಟಿ ಓದುವುದನ್ನು. ಇನ್ನು ಮುಂದೆ ಮೇಡಂ ವಾರಕ್ಕೆರಡು ದಿನ ಹಲಸೂರಿನ ಚಿಕ್ಕ ಕ್ಲಿನಿಕ್ಕಿನಲ್ಲಿ ಕೂರುತ್ತಾರಂತೆ. ಕೈ ನಡುಗದೆ, ಕಣ್ಣು ಮಂಜಾಗದೆ ಅವರಿಗೆ ನೂರು ತುಂಬಲಿ; ಅಲ್ಲಿಂದಲೂ ಅಳತೆಗಳು ಬರುತ್ತಲೇ ಇರಲಿ. ಚೀಟಿ ಓದುವವರೆಗೆ ಲ್ಯಾಬಿನಲ್ಲಿ ಯಾರೂ ಚಾಕು ಮುಟ್ಟುವುದಿಲ್ಲ.