ಹಣಮಪ್ಪ ಕಾಯ್ದ ಮುಳ್ಳುಪೊದೆಗಳು

ಹಣಮಪ್ಪ ಗಿಡವನ್ನು ನಿಂತು ನೋಡುತ್ತಿರಲಿಲ್ಲ. ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಬುಡದೊಳಗೆ ಇಣುಕುತ್ತಿದ್ದ. ಮೊದಲ ಸಲ ಕಂಡಾಗ ಬಿಸಿಲಿಗೆ ಸತ್ತುಬಿದ್ದಿದ್ದಾನೆಂದು ಕೂಗಿಕೊಂಡಿದ್ದೆ. ಅವನು ತಲೆ ಎತ್ತದೆ, "ಸುಮ್ಮನಿರ್ರಿ ಅವ್ವಾರ, ಹಲ್ಲಿ ಓಡಿಹೋಗ್ತದ," ಅಂದ. ಇಂದಿಗೂ ಯಾವುದಾದರೂ ಪೊದೆಯ ಕೆಳಗೆ ನೆರಳು ಅಲುಗಿದರೆ ಅಲ್ಲಿ ಅವನಿದ್ದಾನೆ ಅನಿಸುತ್ತದೆ. ಬಗ್ಗಿ ನೋಡುವುದಿಲ್ಲ.

ಕುವೈತಿನ ಯುದ್ಧ ಮುಗಿದು ನಾಲ್ಕೈದು ವರ್ಷವಾಗಿತ್ತು. ಮಗ ಕತಾರಿನ ದುಖಾನಿನಲ್ಲಿ ಎಣ್ಣೆ ಬಾವಿಗಳ ಕಡೆ ಫೋರ್‌ಮನ್. ಸೊಸೆಯ ಬಾಣಂತನಕ್ಕೆಂದು ಹೋದವಳು ವರ್ಷವಿಡೀ ಉಳಿದೆ. ಹಣಮಪ್ಪ ಆ ಕ್ವಾರ್ಟರ್ಸಿನ ಮಾಲಿ. ಗದಗಿನ ಕಡೆಯವನು, ಕಪ್ಪತಗುಡ್ಡದಲ್ಲಿ ಆಡು ಕಾಯ್ದು ಬೆಳೆದವನು. ನಮ್ಮ ಮನೆಗಳ ಹಿಂದೆ ಒಂದು ಕಲ್ಲುಗುಡ್ಡ, ಅದರ ಇಳಿಜಾರಿನ ತುಂಬ ಮುಳ್ಳುಪೊದೆ. ಅರಬರು ಅವ್ಸಜ್ ಅನ್ನುತ್ತಿದ್ದರು. ನನ್ನ ಕಣ್ಣಿಗೆ ಒಲೆಗೂ ಬಾರದ ಕಟ್ಟಿಗೆ.

"ಒಂದು ಗಿಡ ಅಂದ್ರ ಒಂದು ಮನಿ, ಅವ್ವಾರ. ಗಾಳಿ ತಂದ ಧೂಳು ಇಲ್ಲೇ ನಿಲ್ತದ. ಇರಿವಿ ಬೀಜಾ ತರ್ತಾವ. ಬಿಸಿಲಿಗೆ ಸಾಯೋ ಹುಲ್ಲು ಇದರ ನೆಳ್ಳಾಗ ಬದುಕ್ತದ. ಇದನ್ನ ಕಿತ್ರ ಗುಡ್ಡದ ಮಣ್ಣೆಲ್ಲಾ ಹಾರಿ ಬರೇ ಎಲುಬು ಉಳೀತದ."

"ಹೆಂಡ್ತಿ ಮಕ್ಕಳ ಬಗ್ಗೆ ಇಷ್ಟು ಮಾತಾಡಿದ್ದು ಕೇಳಿಲ್ಲಲ್ಲೋ ನಾ."

"ಅವ್ರಿಗೆ ಬಾಯಿ ಐತಲ್ರಿ. ಇವಕ್ಕಿಲ್ಲ."

ಆ ವರ್ಷ ಅವನ ಸೂಪರ್‌ವೈಸರ್ ಗುಡ್ಡ ಕೆರೆದು ಕಣಗಿಲೆ, ಹುಲ್ಲುಹಾಸು ಹಾಕಿಸಲು ಹೊರಟ. ಹಣಮಪ್ಪ ಗಡುವು ಬೇಡಿದ. ಚಳಿಗಾಲದ ಮಳೆ ಬೀಳುವವರೆಗೆ ಬಿಡಿ, ಆಗಲೂ ಚಿಗುರದಿದ್ದರೆ ಗುಡ್ಡವನ್ನೂ ಕೆರೆಯಿರಿ, ನನ್ನನ್ನೂ ಊರಿಗೆ ಕಳಿಸಿ ಅಂದ. ಆತ ನಕ್ಕು ಒಪ್ಪಿದ.

ಜೂನಿಗೆ ಪೊದೆಗಳು ಎಲೆ ಉದುರಿಸಿ ಬೂದಿಯ ಬಣ್ಣಕ್ಕೆ ತಿರುಗಿದವು.

"ಸತ್ತಾವಲ್ಲೋ ಹುಚ್ಚಾ! ನೀರು ಹಾಕು," ಅಂದೆ.

"ಮಲಗ್ಯಾವ್ರಿ. ಬ್ಯಾಸಗ್ಯಾಗ ನೀರು ಕುಡಿಸಿದ್ರ ಬೇರು ಕೊಳೀತಾವ. ಒಂದು ತಂಬಿಗಿನೂ ಹಾಕಬ್ಯಾಡ್ರಿ."

ನಂಬಲಿಲ್ಲ. ನಮ್ಮಲ್ಲಿ ಹೆಂಗಸರು ಜಳಕ ಮಾಡಿ ಗಿಡಕ್ಕೆ ನೀರೆರೆಯದೆ ತಾವು ಬಾಯಿಗೆ ನೀರು ಬಿಡುವುದಿಲ್ಲ. ಅಲ್ಲಿ ತುಳಸಿಕಟ್ಟೆ ಇರಲಿಲ್ಲ, ಇವಿದ್ದವು. ತನ್ನ ಹುಚ್ಚಿನಿಂದಲೇ ಇವನು ಅನ್ನ ಕಳೆದುಕೊಳ್ಳುತ್ತಾನೆ ಅನಿಸಿತು. ದಿನಾ ಬೆಳಿಗ್ಗೆ ಅವನು ಬರುವ ಮೊದಲು ಬೇಲಿಯ ಹತ್ತಿರದ ಏಳೆಂಟು ಗಿಡಗಳಿಗೆ ಬಕೆಟ್‌ಗಟ್ಟಲೆ ಸುರಿದೆ. ಅವನು ಬರುವಷ್ಟರಲ್ಲಿ ಬಿಸಿಲು ಮೇಲಿನ ಮಣ್ಣಿನ ಹಸಿ ಕುಡಿದಿರುತ್ತಿತ್ತು. ಉಳಿದರೆ ಅವನಿಗೇ ಹೆಸರು ಬರಲಿ ಎಂದು ಯಾರಿಗೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಮಳೆ ಬಿತ್ತು. ಕೆಲವು ದಿನಗಳಲ್ಲೇ ಗುಡ್ಡದ ಮೇಲ್ಭಾಗ ಚಿಗುರಿತು. ಬೇಲಿಯ ಬಳಿ ನಾನು ನೀರೆರೆದವು ಮಾತ್ರ ಕರ್ರಗೆ ನಿಂತಿದ್ದವು. ಸೂಪರ್‌ವೈಸರ್ ಕಾರಿನಿಂದಿಳಿದು ಒಂದನ್ನು ಬೂಟಿನಿಂದ ಒದ್ದ. ಅದು ಬುಡಸಮೇತ ಕಳಚಿತು.

"ಸಾಬ್, ಊಪರ್ ದೇಖೋ ಸಾಬ್," ಅಂದ ಹಣಮಪ್ಪ.

ಆತ ಗುಡ್ಡ ಹತ್ತಲಿಲ್ಲ. "ಖಲಾಸ್. ಸಬ್ ನಿಕಾಲೋ," ಎಲ್ಲಾ ಕಿತ್ತುಹಾಕು ಅಂದ.

ಹಣಮಪ್ಪ ಆ ಬೇರನ್ನೆತ್ತಿ ಮೂಸಿದ. ಆಮೇಲೆ ನಮ್ಮ ಹಿತ್ತಲ ಬಾಗಿಲ ಕಡೆ ನೋಡಿದ. ನಾನು ಅಲ್ಲೇ ನಿಂತಿದ್ದೆ. ನಾನು ಮಾಡಿದ್ದು ಅನ್ನಲು ಎರಡು ಮಾತು ಸಾಕಿತ್ತು. ಮಗನ ನೌಕರಿಗೆ ಕುತ್ತು ಬಂದೀತೆಂದು ಬಾಯಿ ಮುಚ್ಚಿಕೊಂಡೆ. ಎಷ್ಟೋ ವರ್ಷ ಹಾಗೆಂದೇ ಹೇಳಿಕೊಂಡೆ. ಅದು ಸುಳ್ಳು. ನಾಚಿಕೆಯಾಗಿತ್ತು, ಅಷ್ಟೇ.

ಮರುವಾರ ಅವನನ್ನು ವಿಮಾನಕ್ಕೆ ಒಯ್ಯಲು ಪಿಕಪ್ ಬಂತು. ಅವನು ನೆಟ್ಟಗೆ ನಮ್ಮ ಬಾಗಿಲಿಗೆ ಬಂದ. ಬೈದರೆ ಬೈಯಲಿ ಎಂದು ಹೊರಗೆ ನಿಂತೆ.

"ಎಷ್ಟು ದಿನ ಹಾಕಿದ್ರಿ, ಅವ್ವಾರ?"

"ಬ್ಯಾಸಗಿ ಪೂರ್ತಿ."

ಅವನು ಬೆರಳು ಮಡಚಿ ತಿಂಗಳು ಎಣಿಸಿದ. ಮುಖದಲ್ಲಿ ಸಿಟ್ಟಿಗಾಗಿ ಹುಡುಕಿದೆ, ಕಾಣಲಿಲ್ಲ.

"ಅಷ್ಟು ದಿನ ತಡಕೊಂಡಾವ ನೋಡ್ರಿ," ಅಂದ. "ಗಟ್ಟಿ ಜೀವ."

ಯಂತ್ರ ಆಗಲೇ ಗುಡ್ಡವೇರಿ ಮೇಲಿನ ಹಸಿರನ್ನು ಕೆರೆಯುತ್ತಿತ್ತು. ಅವನು ಪಿಕಪ್ ಹತ್ತಿ, ಗುಡ್ಡಕ್ಕೆ ಬೆನ್ನು ಹಾಕಿ ಕೂತ.