ಕೌಬಾಯ್ ಮನೆಯ ಬೆಲ್ಲ-ನೀರು

ಗುರುದೇವಿ ಬೀಳಗಿಯವರು ಟೆಕ್ಸಾಸಿನ ಮೇಲೆ ಎಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದಿದ್ದಾರೆ. ಟೆಕ್ಸಾಸ್ ಮಾತ್ರ ನೋಡಿಲ್ಲ. ಲಂಡನ್ನಿನ ಕ್ರೋಯ್ಡನ್ ಬಿಟ್ಟು ದೂರ ಹೋಗುವುದೆಂದರೆ ಅವರಿಗೆ ವೆಂಬ್ಲಿಯ ಮದುವೆಗಳೇ ಹೆಚ್ಚು. ಆದರೆ ಪುಸ್ತಕಗಳ ಹಿಂಬದಿಯಲ್ಲಿ ಅಚ್ಚಾಗಿರುವುದೇ ಬೇರೆ: 'ವೇಡ್ ಹ್ಯಾಲೊರನ್, ಅಮೆರಿಕದ ಲೇಖಕ, ಕುದುರೆಗಳ ನಡುವೆ ಹುಟ್ಟಿ ಬೆಳೆದವನು.' ಇದನ್ನು ಕಂಡಾಗಲೆಲ್ಲ ಗಂಡ ಪರಪ್ಪ, "ಟಾಂಗಾ ಕುದರಿ ಅಂತ ಹಾಕಬೇಕಿತ್ತ ನೋಡ," ಎಂದು ಕಿಚಾಯಿಸುತ್ತಾರೆ. ನಿಜವೇ. ವಿಜಯಪುರದ ಟಾಂಗಾ ಕುದುರೆಗಳನ್ನು ಬಿಟ್ಟರೆ ಗುರುದೇವಿ ಬೇರೆ ಕುದುರೆಯ ಹತ್ತಿರ ಸುಳಿದವರಲ್ಲ.

ಮದುವೆಯಾಗಿ ಲಂಡನ್ನಿಗೆ ಬಂದ ಹೊಸದರಲ್ಲಿ ಅವರಿಗೆ ಹಲ್ಲಿನ ಡಾಕ್ಟರರ ರಿಸೆಪ್ಶನ್ನಿನಲ್ಲಿ ಕೆಲಸ ಸಿಕ್ಕಿತು. ಇಂಗ್ಲಿಷ್ ಸುಧಾರಿಸಲೆಂದು ಲೈಬ್ರರಿಯಿಂದ ಕೌಬಾಯ್ ಕಾದಂಬರಿ ತಂದರು. ಚಿಕ್ಕ ಚಿಕ್ಕ ವಾಕ್ಯ, ಪುಟಕ್ಕೊಂದು ಹೊಡೆದಾಟ. ಕಪಾಟು ಖಾಲಿಯಾದರೂ ಹುಚ್ಚು ಇಳಿಯಲಿಲ್ಲ. ಊಟದ ಬಿಡುವಿನಲ್ಲಿ ತಾವೇ ಒಂದನ್ನು ಬರೆದು ಕಳಿಸಿದರು. ಪ್ರಕಾಶಕರು ಗಂಡಸಿನ ಹೆಸರೊಂದನ್ನು ಅಂಟಿಸಿ ಅಚ್ಚು ಹಾಕಿಯೇಬಿಟ್ಟರು! ಸುಡುವ ಬಿಸಿಲು, ಬೋಳು ಬಯಲು, ಜಾಲಿಮುಳ್ಳು, ಕಣ್ಣಿಗೆ ಬೀಳುವ ಧೂಳು. ಇಷ್ಟು ಬರೆಯಲು ವಿಜಯಪುರದವರು ಅಮೆರಿಕಕ್ಕೆ ಏಕೆ ಹೋಗಬೇಕು?

ಒಂದು ಎಡವಟ್ಟು ಮಾತ್ರ ಆಗಿತ್ತು. ಬಿಸಿಲಿನಿಂದ ಬಂದವರಿಗೆ ಬೆಲ್ಲ-ನೀರು ಕೊಡದ ಮನೆ ಗುರುದೇವಿಯವರ ಕಲ್ಪನೆಗೇ ನಿಲುಕುತ್ತಿರಲಿಲ್ಲ. ಹಾಗಾಗಿ ಅವರ ಕಾದಂಬರಿಗಳಲ್ಲಿ ಯಾರೇ ಬಾಗಿಲಿಗೆ ಬರಲಿ, ಬಂದೂಕು ಹಿಡಿದ ಖಳನೇ ಬರಲಿ, ಮೊದಲು ತಗಡಿನ ಲೋಟದಲ್ಲಿ ನೀರು, ಜೊತೆಗೊಂದು ಕಂದು ಸಕ್ಕರೆಯ ಉಂಡೆ. ಗುಂಡು ಹಾರಿಸುವುದೆಲ್ಲ ಆಮೇಲೆ. ಟೆಕ್ಸಾಸಿನಲ್ಲಿ ಇಂಥ ಪದ್ಧತಿಯೇ ಇಲ್ಲವೆಂದು ತಿಳಿಯುವ ಹೊತ್ತಿಗೆ ಮೂವತ್ತು ಪುಸ್ತಕಗಳು ಅಚ್ಚಾಗಿದ್ದವು. ಇನ್ನು ಬಿಟ್ಟರೆ ಅನುಮಾನ ಬಂದೀತೆಂದು ಹಾಗೇ ಮುಂದುವರಿಸಿದರು.

ಈಗ ಹೊಸ ಪುಸ್ತಕದ ಮೇಲೆ ತಮ್ಮ ಸ್ವಂತ ಹೆಸರು ಬೇಕೆಂದು ಹಟ ಹಿಡಿದಿದ್ದರು. ಪ್ರಕಾಶಕರು ಒಂದು ಷರತ್ತು ಹಾಕಿದರು: ಕ್ರೋಯ್ಡನ್ನಿನಲ್ಲೇ ಹ್ಯಾಲೊರನ್ ಅಭಿಮಾನಿಗಳ ಕ್ಲಬ್ ಇದೆ, ಶನಿವಾರ ಮಧ್ಯಾಹ್ನ ಸೇರುತ್ತಾರೆ. ಲೇಖಕರು ಬರುತ್ತಾರೆಂದಷ್ಟೇ ಅವರಿಗೆ ಹೇಳಿರುತ್ತೇವೆ. ಅವರು ನಿಮ್ಮನ್ನು ಒಪ್ಪಿಕೊಂಡರೆ ನಿಮ್ಮ ಹೆಸರು, ಇಲ್ಲದಿದ್ದರೆ ಹ್ಯಾಲೊರನ್ನೇ ಇರಲಿ.

ಶನಿವಾರ ಟ್ರ್ಯಾಮಿನಲ್ಲಿ ಕುಳಿತ ಗುರುದೇವಿಯವರಿಗೆ ಹೆದರಿಕೆ ಎಷ್ಟಿತ್ತೋ ಹುರುಪೂ ಅಷ್ಟೇ ಇತ್ತು. ಉಟ್ಟಿದ್ದು ಇಳಕಲ್ ಸೀರೆ.

"ರೀ, ಬೆಲ್ಲದ ವಿಷಯ ಯಾರರ ಎತ್ತಿದ್ರ ಏನ್ ಹೇಳ್ಲಿ? ಎಲ್ಲಾ ಅರದು ಕುಡದ ಮಂದಿ ಅದು."

"ಇಷ್ಟ ಮಂದಿನ್ನ ಗುಂಡ ಹಾಕಿ ಕೊಂದಾಕಿ, ಬೆಲ್ಲಕ್ಕ ಹೆದರ್ತೀಯೇನ?" ಎಂದರು ಪರಪ್ಪ.

ಪಬ್ಬಿನ ಮೇಲಿನ ಹಾಲ್. ಒಳಗೆ ಎಲ್ಲರೂ ಅಗಲ ಟೊಪ್ಪಿಗೆಯವರೇ. ಗುರುದೇವಿಯವರು ಹೊಸ್ತಿಲು ದಾಟುವಷ್ಟರಲ್ಲಿ ಬಿಳಿ ಮೀಸೆಯ ಇಂಗ್ಲಿಷ್ ಮುದುಕನೊಬ್ಬ ಅಡ್ಡ ಬಂದ. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತಗಡಿನ ಲೋಟದ ತುಂಬ ನೀರು, ಪಕ್ಕದಲ್ಲೊಂದು ಬೆಲ್ಲದ ಚೂರು!

"ಮೊದಲು ಇದು, ಮೇಡಂ," ಎಂದ ಮುದುಕ. "ಟೆಕ್ಸಾಸಿನ ಹಳೆಯ ಪದ್ಧತಿ. ಹ್ಯಾಲೊರನ್ ಪುಸ್ತಕಗಳಿಂದ ಕಲಿತೆವು. ಈ ಸಕ್ಕರೆ ಹುಡುಕಿ ಹುಡುಕಿ ಸಾಕಾಗಿತ್ತು, ಕೊನೆಗೆ ವೆಂಬ್ಲಿಯ ಈಲಿಂಗ್ ರೋಡಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು. ಇದು ಟೆಕ್ಸಾಸಿನದೆಂದು ಪಾಪ ಆ ಅಂಗಡಿಯವನಿಗೇ ಗೊತ್ತಿರಲಿಲ್ಲ."

ಗುರುದೇವಿಯವರಿಗೆ ನಗು ಉಕ್ಕಿತು, ಕಣ್ಣೂ ತುಂಬಿತು. ಸುಮ್ಮನೆ ನೀರು ಕುಡಿದು ಮನೆಗೆ ಹೋಗಬಹುದಿತ್ತು. ಹ್ಯಾಲೊರನ್ ಸುಖವಾಗಿರುತ್ತಿದ್ದ. ಆದರೆ ತವರಿನ ಬೆಲ್ಲವನ್ನು ಕಣ್ಣೆದುರೇ ಟೆಕ್ಸಾಸಿಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಇದು ಟೆಕ್ಸಾಸಿನದಲ್ಲ," ಎಂದರು ಇಂಗ್ಲಿಷಿನಲ್ಲಿ, ಹಾಲಿಗೆಲ್ಲ ಕೇಳುವಂತೆ. "ನಮ್ಮ ವಿಜಯಪುರದ್ದು. ಟೆಕ್ಸಾಸಿಗೆ ಒಯ್ದವಳು ನಾನು. ಆ ಪುಸ್ತಕಗಳನ್ನೆಲ್ಲ ಬರೆದವಳು ನಾನು."

ಟೊಪ್ಪಿಗೆಗಳೆಲ್ಲ ಅವರತ್ತ ತಿರುಗಿದವು. ಹಿಂದಿನಿಂದ ಯಾರೋ ಸಿಡುಕಿದರು: "ಹಾಗಾದರೆ ನಾವು ಇಷ್ಟು ವರ್ಷ ನಡೆಸಿದ್ದು ಸುಳ್ಳು ಪದ್ಧತಿಯೇ?"

ಮುದುಕ ತಟ್ಟೆಯನ್ನೊಮ್ಮೆ, ಸೀರೆಯನ್ನೊಮ್ಮೆ ನೋಡಿದ. "ಪದ್ಧತಿ ನಿಜವೇ," ಎಂದ. "ಊರು ಬೇರೆ, ಅಷ್ಟೇ." ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡ. "ನಿಮ್ಮ ಹೆಸರು, ಮೇಡಂ? ಸರಿಯಾಗಿ ಹೇಳಿಕೊಡಿ."

ಹೇಳಿಕೊಟ್ಟರು. ಅವನು ಎರಡು ಸಲ ಬಾಯಲ್ಲೇ ಆಡಿಸಿಕೊಂಡು, ಆಮೇಲೆ ಹಾಲಿನ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ: "ಗುರುದೇವಿ ಬೀಳಗಿ ಬಂದಿದ್ದಾರೆ!"

ಟೊಪ್ಪಿಗೆಗಳು ಒಂದೊಂದಾಗಿ ಕೆಳಗಿಳಿದವು. ಸಿಡುಕಿದವನದೂ ಇಳಿಯಿತು. ಚಪ್ಪಾಳೆಯ ನಡುವೆ ಗುರುದೇವಿಯವರು ಬೆಲ್ಲ ಬಾಯಿಗಿಟ್ಟುಕೊಂಡು ನೀರು ಕುಡಿದರು, ಗಂಡನ ಕಿವಿಯಲ್ಲಿ ಉಸುರಿದರು.

"ಬೆಲ್ಲ ಚಲೋ ಇಲ್ರೀ. ಮುಂದಿನ ಸರ್ತಿ ನಮ್ಮ ಮಹಾಲಿಂಗಪುರದ್ದ ತರೂಣು."