ಎಲೆ ಮಡಚದ ಭಾನುವಾರ

ಡೊಂಬಿವಲಿಯ ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಕಣ್ಣು ತೂಗುತ್ತದೆ. ಊಟದ ಗಿರಾಕಿಗಳು ಹೋಗಿ, ಸಂಜೆಯ ತಿಂಡಿಯವರು ಇನ್ನೂ ಬಾರದ ಹೊತ್ತು. ಅರ್ಧ ಇಳಿಸಿದ ಶಟರಿನ ಕೆಳಗಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ಮಲಗಿರುತ್ತಿತ್ತು. ಕೆಲಸದವರು ಮೇಜು ಜೋಡಿಸಿಕೊಂಡು ಒರಗಿರುತ್ತಿದ್ದರು. ಕಲ್ಯಾಣದ ಕಡೆ ಲೋಕಲ್ ರೈಲು ಹಾದುಹೋದರೆ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ತಮ್ಮತಮ್ಮಲ್ಲೇ ಏನೋ ಹೇಳಿಕೊಂಡು ಮತ್ತೆ ಸುಮ್ಮನಾಗುತ್ತಿದ್ದವು. ಆ ಹೊತ್ತಿನಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ನಾನು ಬಿ.ಎಸ್ಸಿ. ಓದಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಲಭಕ್ಕೆ ಸಿಕ್ಕಿದ್ದಲ್ಲ ಅದು.

ಹೋಟೆಲ್ ಅಪ್ಪನದು. ಹೌಸಿಂಗ್ ಸೊಸೈಟಿಯೊಂದರ ಕೆಳಗಿನ ಸಣ್ಣ ಜಾಗ. ವಾರವಿಡೀ ಸ್ಟೀಲ್ ತಟ್ಟೆ, ಭಾನುವಾರ ಮಾತ್ರ ಬಾಳೆ ಎಲೆಯ ಊಟ. ಅಂಬರನಾಥದಿಂದ, ಠಾಣೆಯ ವರ್ತಕ ನಗರದಿಂದ, ನವಿ ಮುಂಬೈಯಿಂದಲೂ ನಮ್ಮ ಊರ ಕಡೆಯ ತುಳುವರು ಬರುತ್ತಿದ್ದರು. ಉಳಿದ ದಿನ ಗಲ್ಲಾದಲ್ಲಿ ಕೂರುವ ಅಪ್ಪ ಅವತ್ತು ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವತ್ತು ಅವರು ಹೋಟೆಲಿನವರಲ್ಲ, ಮನೆಯ ಯಜಮಾನರು.

ನಾನು ಡಿಗ್ರಿ ಮುಗಿಸಿದ ವರ್ಷ ಆ ಊಟಕ್ಕೆ ಕುತ್ತು ಬಂತು. ಕಸ ಒಯ್ಯುವ ಟೆಂಪೋದವನು, "ಅಣ್ಣಾ, ಸೋಮವಾರದ ಡ್ರಮ್ಮಿಗೆ ಬಾಡಿಗೆ ಡಬಲ್ ಆಗ್ತದೆ. ನಿಮ್ಮ ಎಲೆ ತುಂಬಿದ ಮೇಲೆ ಗಾಡಿಯಲ್ಲಿ ನಾನು ಕೂರಲಿಕ್ಕೂ ಜಾಗ ಇಲ್ಲ" ಎಂದ. ಒಂದನೇ ಮಾಳಿಗೆಯಿಂದ ಸೊಸೈಟಿಯ ಸೆಕ್ರೆಟರಿ ಮೂಗು ಮುಚ್ಚಿಕೊಂಡೇ ಇಳಿದು ಬಂದರು. ಅವರು ಹೋದ ಮೇಲೆ ಅಪ್ಪ, "ಎಲೆ ಊಟ ನಿಲ್ಲಿಸುವ. ತಟ್ಟೆಯಲ್ಲೇ ಬಡಿಸಿದರಾಯ್ತು" ಎಂದು, ಆಗಲೇ ಹೊಳೆಯುತ್ತಿದ್ದ ಸೋಂಪಿನ ಬಟ್ಟಲನ್ನು ಒರೆಸುತ್ತ ಕೂತರು.

ನನಗೆ ಆ ಬಟ್ಟಲು ನೋಡಲಾಗಲಿಲ್ಲ. "ಸ್ವಲ್ಪ ದಿನ ನನಗೆ ಬಿಡಿ" ಎಂದೆ.

ತರಕಾರಿ ಸಿಪ್ಪೆ, ಕೋಸಿನ ಹೊರಎಲೆಗಳನ್ನು ಬೇರೆ ಬುಟ್ಟಿಗೆ ಹಾಕಿಸಿದೆ. ಕಲ್ಯಾಣ ರಸ್ತೆಯಲ್ಲಿ ಎಮ್ಮೆ ಸಾಕುವ ತಬೇಲಾದವರು ಮೇವಿಗೆಂದು ದಿನಾ ಬೆಳಿಗ್ಗೆ ಅವರೇ ಬಂದು ಒಯ್ಯತೊಡಗಿದರು. ಟೆಂಪೋಗೆ ಹೋಗುವ ಡ್ರಮ್ಮು ಅಷ್ಟಕ್ಕೇ ಹಗುರಾಯಿತು. ಎಂಜಲೆಲೆಗೆ ಹಿಂದುಗಡೆ ತೂತು ಕೊರೆದ ಡ್ರಮ್ಮುಗಳನ್ನಿಟ್ಟು, ಒಂದು ಪದರ ಎಲೆ, ಒಂದು ಪದರ ತೆಂಗಿನ ನಾರು ಹಾಕಿದೆ. ಗೊಬ್ಬರವಾದರೆ ಸಾಗಿಸುವ ಖರ್ಚೇ ಇಲ್ಲ. ಗೊಬ್ಬರವಾಗುವಾಗ ಬಿಸಿ ಏಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ; ಚಳಿಗಾಲದ ಬೆಳಿಗ್ಗೆ ಡ್ರಮ್ಮಿನ ಮೇಲೆ ಅಂಗೈ ಇಟ್ಟು ಬೆಚ್ಚಗಿದೆಯೇ ಎಂದು ನೋಡುತ್ತಿದ್ದೆ, ಜ್ವರ ಬಂದವರ ಹಣೆ ಮುಟ್ಟುವ ಹಾಗೆ.

ಬೆಚ್ಚಗಾಗಲಿಲ್ಲ. ನಾರಿತು. ಮೊದಲಿಗಿಂತ ಜೋರಾಗಿ. ಸೆಕ್ರೆಟರಿ ಈ ಸಲ ಇಳಿಯಲೂ ಇಲ್ಲ, ಬಾಲ್ಕನಿಯಿಂದಲೇ, "ಮುಂದಿನ ಭಾನುವಾರ ನೋಡ್ತೇನೆ, ಆಮೇಲೆ ಹಿಂಬಾಗಿಲು ಬಂದ್" ಎಂದರು.

ಅವತ್ತು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಡ್ರಮ್ಮಿಗೆ ಕೈಹಾಕಿ ಒಂದು ಎಲೆ ಹೊರಗೆಳೆದೆ. ಎಲೆ ಬಾಡಿ ಕಪ್ಪಾಗಿತ್ತು. ಮಡಿಕೆ ಮಾತ್ರ ಗಟ್ಟಿ. ಬಿಡಿಸಿದರೆ ಒಳಗೆ ಅನ್ನ, ಸಾಂಬಾರು, ಕಡಿದು ಬಿಟ್ಟ ಹಪ್ಪಳ, ಎಲ್ಲ ಬೆವರುತ್ತ ಕೂತಿದ್ದವು. ನಮ್ಮವರು ಉಂಡ ಮೇಲೆ ಎಲೆಯನ್ನು ತಮ್ಮ ಕಡೆಗೆ ಮಡಚುತ್ತಾರೆ. ಊಟ ತೃಪ್ತಿಯಾಯಿತು, ಇನ್ನೊಮ್ಮೆ ಬರುತ್ತೇವೆ ಎಂದರ್ಥ. ಹಾಗೆ ಮಡಚಿದ್ದನ್ನೆಲ್ಲ ನಾವು ಬಿಡಿಸದೆ ಡ್ರಮ್ಮಿಗೆ ತುಂಬಿದ್ದೆವು. ಗಾಳಿ ಎಲ್ಲಿಂದ ಹೋಗಬೇಕು?

ಬಿಡಿಸುವವರು ಯಾರು? ಅಡಿಗೆಯವರು ಎಂಜಲು ಮುಟ್ಟರು. ತಟ್ಟೆ ತೊಳೆಯುವವನು, "ನನ್ನ ಕೆಲಸ ಎಲೆ ಎತ್ತುವವರೆಗೆ ಅಕ್ಕಾ" ಎಂದ. ನಾನೇ ಸೆರಗು ಸಿಕ್ಕಿಸಿ ಕೂತೆ. ಒಂದೊಂದೇ ಬಿಡಿಸಿ, ಹರಿದು, ನಾರಿನ ಮೇಲೆ ಹರಡುತ್ತಿದ್ದೆ. ತಲೆಯೆತ್ತಿದರೆ ಅಪ್ಪ ನಿಂತಿದ್ದರು. ಮನೆಯಲ್ಲಿ ನಮ್ಮ ಮಾತು ತುಳು. ತೀರಾ ನೋವಾದಾಗ ಮಾತ್ರ ಅಪ್ಪ ನನ್ನೊಡನೆ ಕನ್ನಡಕ್ಕೆ ಇಳಿಯುತ್ತಿದ್ದರು.

"ಹತ್ತು ವರ್ಷ ಠಾಣೆಯ ಹೋಟೆಲಿನಲ್ಲಿ ಬೇರೆಯವರ ಎಂಜಲು ಎತ್ತಿದೆ ನಾನು. ನೀನೂ ಎತ್ತಬೇಕು ಅಂತ ಓದಿಸಿದ್ದಾ?"

"ಓದಿದ್ದಕ್ಕೇ ಗೊತ್ತಾದದ್ದು ಅಪ್ಪ, ಯಾಕೆ ನಾರುತ್ತದೆ ಅಂತ. ಮಡಚಿದ ಎಲೆ ಕೊಳೆಯುತ್ತದೆ, ಬಿಚ್ಚಿದ ಎಲೆ ಮಣ್ಣಾಗುತ್ತದೆ. ಅವರೇ ಮಡಚದಿದ್ದರೆ ನಾನು ಯಾಕೆ ಮುಟ್ಟಲಿ?"

"ಮಡಚಬೇಡಿ ಅಂತ ಹೇಳುವುದಾ?" ಅಪ್ಪನ ಮುಖ ಬಿಳಿಚಿತು. "ಸಾವಿನೂಟದಲ್ಲಿ ಮಾತ್ರ ಮಡಚದೆ ಏಳುವುದು, ಮಾರಾಯ್ತಿ. ಉಂಡವರಿಗೆ ಅದನ್ನು ಹೇಳಿದರೆ ಮತ್ತೆ ಯಾರು ಬರುತ್ತಾರೆ ಇಲ್ಲಿಗೆ?"

ನಾನು ಮುಂದಿನ ಎಲೆ ಬಿಡಿಸಿದೆ. ಅಪ್ಪ ಒಳಗೆ ಹೋದರು. ವಾರವಿಡೀ ನಮ್ಮಿಬ್ಬರ ನಡುವೆ ಲೋಟಗಳದ್ದೇ ಸದ್ದು.

ಭಾನುವಾರ ಹೋಟೆಲ್ ತುಂಬಿತ್ತು. ಪಾಯಸದ ಹಬೆಯಲ್ಲಿ ಮುಖಗಳೆಲ್ಲ ಮಸುಕು ಮಸುಕು. ಮಜ್ಜಿಗೆ ಮುಗಿದು ಕೈಗಳು ಎಲೆಯಂಚಿಗೆ ಹೋಗುವ ಹೊತ್ತಿಗೆ ಅಪ್ಪ ಬಾಗಿಲು ಬಿಟ್ಟು ನಡುವೆ ಬಂದು ನಿಂತರು.

"ಒಂದು ಮಾತು. ದಯವಿಟ್ಟು ಎಲೆ ಮಡಚಬೇಡಿ."

ಎಲೆಯಂಚಿನ ಕೈಗಳು ಅಲ್ಲಲ್ಲೇ ನಿಂತವು. ಅಂಬರನಾಥದಿಂದ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರು ಅಪ್ಪನನ್ನೇ ನೋಡಿ, "ಎಂಥ ಮಾರಾಯಾ, ಯಾರು ತೀರಿಕೊಂಡದ್ದು?" ಎಂದರು.

"ಯಾರೂ ಇಲ್ಲ. ಮಗಳು ಹೇಳಿದ್ದು. ಅವಳು ಬಿ.ಎಸ್ಸಿ." ಅಪ್ಪ ನನ್ನ ಕಡೆ ನೋಡಿ, "ಮಡಚಿದರೆ ಒಳಗೆ ನಾರುತ್ತದಂತೆ. ನಾರಿದರೆ ಸೊಸೈಟಿಯವರು ಈ ಊಟವನ್ನೇ ನಿಲ್ಲಿಸುತ್ತಾರೆ" ಎಂದರು.

"ಅದನ್ನು ಮೊದಲೇ ಹೇಳಬಾರದಾ? ನನ್ನ ಹೆಂಡತಿ ಭಾನುವಾರ ಒಲೆ ಹಚ್ಚದೆ ಎಷ್ಟು ಕಾಲವಾಯ್ತು ಗೊತ್ತುಂಟಾ ನಿನಗೆ?" ಅವರು ಅರ್ಧ ಮಡಚಿದ್ದ ಎಲೆಯನ್ನು ಮತ್ತೆ ಬಿಡಿಸಿ, ಚಪ್ಪಟೆ ಮಾಡಿ ಅಂಗೈಯಿಂದ ಒತ್ತಿದರು. ಪಕ್ಕದವರು ನಕ್ಕರು. ಕೆಲವರು ನಗಲಿಲ್ಲ, ಮಡಚಿಯೇ ಎದ್ದರು. ಅವನ್ನು ನಾನೇ ಬಿಡಿಸಿದೆ. ಅಪ್ಪ ಬೇಡವೆನ್ನಲಿಲ್ಲ.

ಎಲ್ಲರೂ ಎದ್ದು ಕೈತೊಳೆಯಲು ಹೋದ ಮೇಲೆ ಮೇಜುಗಳ ತುಂಬ ಎಲೆಗಳು ಬಿಚ್ಚಿಕೊಂಡು ಬಿದ್ದಿದ್ದವು. ಫ್ಯಾನಿನ ಗಾಳಿಗೆ ಅಂಚುಗಳು ಏಳುತ್ತಿದ್ದವು, ಇಳಿಯುತ್ತಿದ್ದವು, ಹಸಿರೆಲ್ಲ ಉಸಿರಾಡಿದ ಹಾಗೆ. ಅಪ್ಪ ಅದನ್ನೇ ನೋಡುತ್ತ ನಿಂತು, ಬಾಳೆ ಎಲೆ ತಂದುಕೊಡುವವನಿಗೆ ಫೋನ್ ಮಾಡಿದರು.

"ಬರುವ ಭಾನುವಾರಕ್ಕೂ ಅಷ್ಟೇ ಕಟ್ಟು ತಾ" ಎಂದರು.